ಯಾವ ಗಾಡಿಗೆ, ಯಾವಾಗ?

ಅರಸೀಕೆರೆ ಜಂಕ್ಷನ್ನಿನಲ್ಲಿ ಜನರಲ್ ಟಿಕೆಟ್ ಕೊಡೋ ಕೌಂಟರ್ ನನ್ನದು. ಹೊಸದಾಗಿ ಡ್ಯೂಟಿಗೆ ಬರೋ ಹುಡುಗರಿಗೆ ಮೊದಲು ಹೇಳೋದು ಇಷ್ಟೇ: ಊರಿನ ಹೆಸರು ಕಿವಿಗೆ ಬಿದ್ದ ತಕ್ಷಣ ಟಿಕೆಟ್ ಹೊಡೀಬೇಡಿ. ಯಾವ ಗಾಡಿಗೆ, ಯಾವಾಗ ಅಂತ ಕೇಳಿ.

ಬೆಂಗಳೂರು–ಹುಬ್ಬಳ್ಳಿ ಲೈನಿಗೆ ಹಾಸನದ ಲೈನ್ ಬಂದು ಸೇರೋದು ಇಲ್ಲೇ. ಪ್ಯಾಸೆಂಜರ್, ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್ ಎಲ್ಲವೂ ನಿಲ್ಲುತ್ತವೆ, ಎಲ್ಲಕ್ಕೂ ದರ ಬೇರೆ. ತಿಪಟೂರಿಗೆ ಪ್ಯಾಸೆಂಜರ್ ಆದರೆ 10 ರೂಪಾಯಿ, ಎಕ್ಸ್‌ಪ್ರೆಸ್ ಆದರೆ 30, ಸೂಪರ್‌ಫಾಸ್ಟ್‌ಗೆ ಅದರ ಮೇಲೆ ಇನ್ನೂ 15. ಹತ್ತು ರೂಪಾಯಿ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದವರು ಟಿಸಿ ಕೈಗೆ ಸಿಕ್ಕರೆ ದಂಡವೇ ಕನಿಷ್ಠ 250. ಹಳ್ಳಿಯವರಿಗೆ ಗಾಡಿ ಅಂದರೆ ಗಾಡಿ, ಮೊದಲು ಬಂದದ್ದನ್ನು ಹತ್ತುತ್ತಾರೆ. ಅವರ ತಪ್ಪು ಅನ್ನೋದು ಹೇಗೆ?

"ಈಗ ಬರೋ ಗಾಡಿಗೇ ಕೊಡಪ್ಪ" ಅಂತಾರೆ ಅಜ್ಜಿ. ಈಗ ಬರೋದು ಜನಶತಾಬ್ದಿ.

"ಅಜ್ಜಿ, ಅದು ಪೂರ್ತಿ ರಿಸರ್ವೇಶನ್ನು. ಈ ಟಿಕೆಟ್ ನಡೆಯಲ್ಲ."

"ಸೀಟು ಖಾಲಿ ಇದ್ರೂನಾ?"

ಇದಕ್ಕೆ ನನ್ನ ಹತ್ತಿರ ಒಳ್ಳೇ ಉತ್ತರ ಇಲ್ಲ. ಇದರ ಹಿಂದೆ ಬರೋ ಗಾಡಿಗೆ ಕಾಯಿರಿ ಅಂತ ಹೇಳಿ, ಅದರ ಟೈಮು ಟಿಕೆಟ್ ಹಿಂದೆ ಬರೆದು ಕೊಡ್ತೀನಿ.

ಕೊಬ್ಬರಿ ಮಾರೋಕೆ ಬಂದವರದ್ದು ಬೇರೆ ಲೆಕ್ಕ. ಸಂಜೆ ಕ್ಯೂ ಜಾಸ್ತಿ ಅಂತ ಬೆಳಿಗ್ಗೆ ಇಳಿದ ಕೂಡಲೇ ವಾಪಸ್ ಹೋಗೋ ಟಿಕೆಟ್ ಕೇಳ್ತಾರೆ. 200 ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್ ತಗೊಂಡ ಮೇಲೆ ಮೂರು ಗಂಟೆಯೊಳಗೆ, ಇಲ್ಲಾಂದ್ರೆ ಆ ಊರಿಗೆ ಹೊರಡೋ ಮೊದಲ ಗಾಡಿಗೆ, ಯಾವುದು ತಡವೋ ಅದರೊಳಗೆ ಪ್ರಯಾಣ ಶುರು ಮಾಡಬೇಕು. ಬೆಳಗಿನ ಟಿಕೆಟ್ ಸಂಜೆಗೆ ಬರೀ ಕಾಗದ. ಹಿಂದಕ್ಕೆ ಕೊಟ್ಟು ದುಡ್ಡು ಕೇಳೋಣ ಅಂದರೆ ತಲೆಗೆ 30 ರೂಪಾಯಿ ಕಡಿತ, ಹತ್ತರ ಟಿಕೆಟ್‌ಗೆ ಏನು ಉಳಿಯುತ್ತೆ?

ಹಾಸನದ ಕಡೆಗೆ ಹೋಗೋರನ್ನ ಇನ್ನೊಂದು ಮಾತು ಜಾಸ್ತಿ ಕೇಳಬೇಕು. "ಹಾಸನಕ್ಕೆ ನಾಲ್ಕು" ಅನ್ನೋ ಕುಟುಂಬ ಎಷ್ಟೋ ಸಲ ಹೊರಟಿರೋದು ಕುಕ್ಕೆಗೆ. ಹಾಸನದಲ್ಲಿ ಇಳಿದು ಮತ್ತೆ ಟಿಕೆಟ್ ತಗೊಳ್ಳೋಣ ಅಂತ ಅವರ ಲೆಕ್ಕ. ದೂರ ಹೆಚ್ಚಿದಷ್ಟೂ ಕಿಲೋಮೀಟರಿನ ದರ ಇಳಿಯುತ್ತೆ, ಹಾಗಾಗಿ ಇಲ್ಲಿಂದಲೇ ಸುಬ್ರಹ್ಮಣ್ಯ ರೋಡಿಗೆ ಒಂದೇ ಟಿಕೆಟ್ ಲಾಭ. ಅದರಲ್ಲಿ ಹಾಸನದಲ್ಲಿ ಗಾಡಿ ಬದಲಿಸಬಹುದು, ಊರು ಸುತ್ತೋಕೆ ಹೋಗೋ ಹಾಗಿಲ್ಲ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರೋದು ನೆಟ್ಟಣದಲ್ಲಿ, ದೇವಸ್ಥಾನಕ್ಕೆ ಅಲ್ಲಿಂದ ಬಸ್ಸೋ ಜೀಪೋ ಹಿಡೀಬೇಕು ಅನ್ನೋದನ್ನೂ ಹೇಳಿಬಿಡ್ತೀನಿ. ಧರ್ಮಸ್ಥಳಕ್ಕೆ ಟಿಕೆಟ್ ಕೇಳೋರೂ ಇದ್ದಾರೆ. ಅಲ್ಲಿಗೆ ರೈಲೇ ಇಲ್ಲ.

ಇಷ್ಟೆಲ್ಲ ಮಾತಾಡ್ತಾ ಕೂತರೆ ಹಿಂದಿನವರು ಬೈಯೋದು ಸಹಜ. ಗಾಡಿ ಸಿಗ್ನಲ್ ಹತ್ತಿರ ಇದೆ ಅಂದಾಗ ನಾನೂ ಉದ್ದ ಕೇಳಲ್ಲ, "ಯಾವ ಗಾಡಿ?" ಒಂದೇ. ಗಾಡಿ ಹೆಸರು ಗೊತ್ತಿಲ್ಲದವರು ನಂಬರ್ ಹೇಳಿದರೂ ಸಾಕು. 12, 20, 22ರಿಂದ ಶುರುವಾದರೆ ಸೂಪರ್‌ಫಾಸ್ಟ್, 15 ಸೇರಿಸಿ ಹೊಡೀತೀನಿ.