ಹೈದರಾಲಿಯನ್ನು ಭೇಟಿಯಾದ ಸುಫ್ರೆನ್

ರಾತ್ರಿಯಿಡೀ ಸುಫ್ರೆನ್ ಬಗ್ಗೆ ಓದಿದೆ. 1729ರಲ್ಲಿ ಹುಟ್ಟಿದ ಫ್ರೆಂಚ್ ನೌಕಾ ಅಧಿಕಾರಿ. ಎರಡು ಸಲ ಬ್ರಿಟಿಷರ ಸೆರೆಯಾಳಾಗಿದ್ದವನು. ಐವತ್ತು ದಾಟಿದ ಮೇಲೆ ಈ ಕಡೆಯ ಸಮುದ್ರಕ್ಕೆ ಬಂದು, 1782-83ರಲ್ಲಿ ಬ್ರಿಟಿಷ್ ಅಡ್ಮಿರಲ್ ಹ್ಯೂಸ್ ಎದುರು ಐದು ಸಲ ಕಾದಾಡಿದ. ಹತ್ತಿರದಲ್ಲಿ ರಿಪೇರಿಗೆ ಒಳ್ಳೆ ಬಂದರೇ ಇರಲಿಲ್ಲ. ಮುರಿದ ಹಾಯಿಕಂಬಕ್ಕೆ ಸಣ್ಣ ಹಡಗುಗಳ ಕಂಬ ಕಿತ್ತು ಹಾಕಿಸಿದ. ಅವನದೇ ಕೆಲವು ಕ್ಯಾಪ್ಟನ್‌ಗಳು ಮಾತು ಕೇಳುತ್ತಿರಲಿಲ್ಲ. ಆದರೂ ಶ್ರೀಲಂಕಾದ ಬಂದರು ಟ್ರಿಂಕೋಮಲಿ ಗೆದ್ದ. ಎಂಥ ಛಲ!

1782ರ ಜುಲೈನಲ್ಲಿ ಕಡಲೂರಿನ ಹತ್ತಿರ ನಮ್ಮ ಹೈದರಾಲಿಯನ್ನು ಭೇಟಿಯಾದ. ನೆಲದಲ್ಲಿ ಇವನು, ನೀರಿನಲ್ಲಿ ಅವನು. ಅದೇ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ. ಇಬ್ಬರಿಗೂ ಇನ್ನೆರಡು ವರ್ಷ ಜೊತೆಯಾಗಿ ಸಿಕ್ಕಿದ್ದರೆ ಏನಾಗುತ್ತಿತ್ತೋ! ಮೈಸೂರು ಯುದ್ಧಗಳ ಕಥೆ ಹೇಳುವಾಗ ಈ ಕಡಲಿನ ಭಾಗವನ್ನೂ ಹೇಳಬೇಕು, ಅಲ್ವಾ?