ಸುಣ್ಣದಕಲ್ಲಿನ ನೆಲದಲ್ಲಿ ಇಂಗುಗುಂಡಿ ಬೇಡ

ಸಣ್ಣ ಊರಿನ ಕೊಳಚೆ ನೀರು ಅಂದ ಕೂಡಲೇ ಸೆಪ್ಟಿಕ್ ಟ್ಯಾಂಕ್, ಪಕ್ಕದಲ್ಲೊಂದು ಇಂಗುಗುಂಡಿ ಎಂದು ತೀರ್ಮಾನವಾಗಿಬಿಡುತ್ತದೆ. ಮಣ್ಣು ಆಳವಾಗಿರುವ ಕಡೆ ಅದು ಸರಿಯೇ. ಆದರೆ ಟ್ಯಾಂಕು ಬಿಒಡಿಯನ್ನು (ನೀರಿನಲ್ಲಿನ ಕೊಳೆಯುವ ಕಶ್ಮಲದ ಅಳತೆ) ಮೂರನೇ ಒಂದು ಪಾಲಿನಷ್ಟು ಇಳಿಸುತ್ತದೆ, ಅಷ್ಟೆ. ರೋಗಾಣುಗಳು ಸಾಯುವುದು ಅದರಾಚೆ, ಗಾಳಿಯಾಡುವ ಮಣ್ಣಿನಲ್ಲಿ. ಸುಣ್ಣದಕಲ್ಲಿನ ಸೀಮೆಯಲ್ಲಿ ಎಷ್ಟೋ ಕಡೆ ಒಂದಡಿ ಅಗೆದರೆ ಬಂಡೆ. ಅದರ ಬಿರುಕುಗಳನ್ನು ನೀರೇ ಕರಗಿಸಿ ಕೊಳವೆಗಳಷ್ಟು ಅಗಲ ಮಾಡಿರುತ್ತದೆ. ಅಲ್ಲಿ ನೀರು ದಿನಕ್ಕೆ ನೂರಾರು ಮೀಟರ್, ಕೆಲವೊಮ್ಮೆ ಕಿಲೋಮೀಟರುಗಟ್ಟಲೆ ಓಡುತ್ತದೆ. ಸೋಸುವವರು ಯಾರೂ ಇಲ್ಲ.

2004ರ ಬೇಸಿಗೆಯಲ್ಲಿ ಅಮೆರಿಕದ ಈರಿ ಸರೋವರದ ಸೌತ್ ಬಾಸ್ ದ್ವೀಪದಲ್ಲಿ ಸುಮಾರು 1,450 ಜನರಿಗೆ ವಾಂತಿಭೇದಿ ಹಿಡಿದದ್ದು ಹೀಗೆಯೇ: ಬಿರುಕುಬಿಟ್ಟ ಶಿಲೆ, ಮೇಲೆ ತೆಳು ಮಣ್ಣು, ಸೆಪ್ಟಿಕ್ ಟ್ಯಾಂಕುಗಳು, ಕುಡಿಯುವ ನೀರಿನ ಬಾವಿಗಳು. ಬಾವಿಗೂ ಗುಂಡಿಗೂ ಇಷ್ಟು ಮೀಟರ್ ಅಂತರವಿರಲಿ ಎಂಬ ನಿಯಮವನ್ನು ಇಂಥ ನೆಲದಲ್ಲಿ ನಂಬಿ ಕೂರಬಾರದು.

ಹಾಗಾಗಿ ಮೊದಲು ಮಾಡಬೇಕಾದದ್ದು ನೀರು ಎಲ್ಲಿಗೆ ಹೋಗುತ್ತದೆಂದು ತಿಳಿಸುವ ಬಣ್ಣದ ಪರೀಕ್ಷೆ. ಸುತ್ತಲಿನ ಬಾವಿ, ಬುಗ್ಗೆಗಳಲ್ಲಿ ಬಣ್ಣ ಹೀರಿಕೊಳ್ಳುವ ಇದ್ದಿಲಿನ ಪೊಟ್ಟಣ ಇಳಿಬಿಟ್ಟು ಒಂದು ವಾರ ಬಿಡಿ. ಮೊದಲೇ ಅಲ್ಲಿ ಹೊಳೆಯುವ ಬಣ್ಣವೇನಾದರೂ ಇದೆಯೇ ಎಂದು ತಿಳಿಯಲು ಇದು ಬೇಕೇ ಬೇಕು. ಆಮೇಲೆ ಕೊಳಚೆ ಶುದ್ಧೀಕರಣ ಘಟಕ ಕಟ್ಟುವ ಜಾಗದಲ್ಲಿ ಯುರಾನಿನ್ ಎಂಬ ಹೊಳೆಯುವ ಬಣ್ಣ ಸುರಿದು, ಕೆಲವು ವಾರ ಪೊಟ್ಟಣ ಬದಲಿಸುತ್ತ ಹೋಗಿ. ಒಣಗಾಲದಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಮಾಡಬೇಕು. ನೀರಿನ ಮಟ್ಟ ಏರಿದಾಗ ಮಾತ್ರ ಹರಿಯುವ ಮೇಲ್ದಾರಿಗಳಿರುತ್ತವೆ.

ನೀರು ನೆಲಕ್ಕೆ ತಾಗುವ ಮೊದಲೇ ಶುದ್ಧವಾಗಿರಬೇಕು. 200 ಜನರ ಊರು, ತಲೆಗೆ 100 ಲೀಟರ್ ಎಂದರೆ ದಿನಕ್ಕೆ 20 ಘನಮೀಟರ್. ಎರಡು ದಿನದ ನೀರು ಹಿಡಿಯುವ 40 ಘನಮೀಟರಿನ ಎರಡು ಕೋಣೆಯ ಟ್ಯಾಂಕ್, ಅದರ ನಂತರ ಸಸ್ಯಗಳಿರುವ ಮರಳಿನ ಹಾಸು. ಬೆಚ್ಚಗಿನ ಹವೆಯಲ್ಲಿ ತಲೆಗೆ 2 ಚದರ ಮೀಟರ್ ಲೆಕ್ಕದಲ್ಲಿ 400 ಚದರ ಮೀಟರ್, ನಾಲ್ಕು ತುಂಡಾಗಿ. ಒಂದು ತುಂಡು ಸರದಿಯಂತೆ ವಿಶ್ರಾಂತಿಯಲ್ಲಿರಲಿ, ಇಲ್ಲದಿದ್ದರೆ ಮರಳು ಕಟ್ಟಿಕೊಳ್ಳುತ್ತದೆ. ನೀರನ್ನು ಸತತವಾಗಿ ಹರಿಸದೆ ದಿನಕ್ಕೆ ಐದಾರು ಸಲ ಒಮ್ಮೆಲೇ ಬಿಟ್ಟರೆ ನಡುವೆ ಗಾಳಿ ಒಳಸೇರುತ್ತದೆ. ಮರಳು ಸ್ಫಟಿಕಶಿಲೆಯದ್ದೇ ಆಗಿರಲಿ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟಿ ಸುಣ್ಣದ ಮರಳನ್ನು ತಿನ್ನುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ನೊರೆಯೆದ್ದ ಮರಳಿನ ಲೋಡನ್ನು ವಾಪಸು ಕಳಿಸಿ.

ನೈಟ್ರೇಟ್ ಮರಳಿನಲ್ಲಿ ನಿಲ್ಲುವುದಿಲ್ಲ. ಹಾಸಿನಿಂದ ಹೊರಬಂದ ನೀರಿನ ಒಂದು ಪಾಲನ್ನು ಟ್ಯಾಂಕಿನ ಮೊದಲ ಕೋಣೆಗೆ ಮರಳಿ ಪಂಪ್ ಮಾಡಿದರೆ, ಆಮ್ಲಜನಕವಿಲ್ಲದ ಅಲ್ಲಿ ಅದು ಸಾರಜನಕ ಅನಿಲವಾಗಿ ಹೋಗುತ್ತದೆ. ಅರ್ಧದಷ್ಟು ಇಳಿದರೂ ದೊಡ್ಡ ಲಾಭ.

ಸೋರಿಕೆಯನ್ನು ಸಣ್ಣದೆಂದು ಬಿಡುವ ಹಾಗಿಲ್ಲ. ಒಂದೇ ಕಡೆ ಇಳಿಯುವ ನೀರು ಬಿರುಕಿನೊಳಕ್ಕೆ ಮಣ್ಣನ್ನೂ ಎಳೆದುಕೊಂಡು ಹೋಗಿ, ಕೊನೆಗೆ ಟ್ಯಾಂಕಿನಡಿಯ ನೆಲವೇ ಕುಸಿಯುತ್ತದೆ. ಹೊಸ ಟ್ಯಾಂಕಿಗೆ ನೀರು ತುಂಬಿ ಒಂದು ದಿನ ಬಿಟ್ಟು, ಕಾಂಕ್ರೀಟು ಹೀರಿದ್ದನ್ನು ಮತ್ತೆ ತುಂಬಿಸಿ, ಇನ್ನೊಂದು ದಿನ ಮಟ್ಟ ಗಮನಿಸಿ. ಪೈಪು ಒಳಹೋಗುವ ಜಾಗವೇ ಹೆಚ್ಚು ಸೋರುತ್ತದೆ, ಆದ್ದರಿಂದ ನೀರು ಅದರ ಮೇಲಕ್ಕಿರಲಿ. ಹಾಸಿನಡಿ ಗಟ್ಟಿಸಿದ ಜೇಡಿಮಣ್ಣು, ಅದರ ಮೇಲೆ 1.5 ಮಿ.ಮೀ. ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ.

ಕೊನೆಯ ನೀರನ್ನು ಹೊರಗಿನಿಂದ ತಂದ ಮಣ್ಣಿನ 60 ಸೆಂ.ಮೀ. ದಿಬ್ಬದ ಮೇಲೆ ಹನಿ ಪೈಪುಗಳಲ್ಲಿ ಹರಡಿ. ಈ ಸೀಮೆಯ ಗಡಸು ನೀರು ಹನಿರಂಧ್ರಗಳಲ್ಲೂ, ರೋಗಾಣು ಕೊಲ್ಲಲು ಯುವಿ (ಅತಿನೇರಳೆ) ದೀಪ ಇಟ್ಟಿದ್ದರೆ ಅದರ ಗಾಜಿನ ಕವಚದ ಮೇಲೂ ಸುಣ್ಣ ಕಟ್ಟುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ಕಿರಣ ಮಾತ್ರ ನೀರಿಗೆ ತಲುಪುವುದಿಲ್ಲ. ತಿಂಗಳಿಗೊಮ್ಮೆ ಸಿಟ್ರಿಕ್ ಆಮ್ಲದಿಂದ ತೊಳೆಯಿರಿ.

ಬಾವಿನೀರಿನ ಮಾದರಿಯನ್ನು ಮೂರು ತಿಂಗಳಿಗೊಮ್ಮೆ ನಿಗದಿತ ದಿನ ತೆಗೆದರೆ ಎಲ್ಲವೂ ಚೆನ್ನಾಗಿರುವಂತೆ ಕಾಣುವುದೇ ಹೆಚ್ಚು. ಜೋರು ಮಳೆ ಬಿದ್ದ ಮೇಲೆ, ಬುಗ್ಗೆ ಕದಡಿ ನೀರಿನ ವಿದ್ಯುತ್ ವಾಹಕತೆ ಇಳಿಯುತ್ತಿರುವ (ಅಂದರೆ ಹೊಸ ಮಳೆನೀರು ಬಂದು ಸೇರುತ್ತಿರುವ) ಗಂಟೆಗಳಲ್ಲಿ ತೆಗೆದ ಮಾದರಿಯನ್ನೇ, ಮಲ ಬೆರೆತದ್ದರ ಕುರುಹಾದ ಇ. ಕೋಲಿ ಬ್ಯಾಕ್ಟೀರಿಯಾದ ಪರೀಕ್ಷೆಗೆ ಕಳಿಸಿ.