"ಖಾಲಿ ಇದೆ ಅಂಕಲ್" ಅಂದ ಹುಡುಗ

ಭಾನುವಾರ ಮಧ್ಯಾಹ್ನ ಟಪ್, ಟಪ್ ಅಂತ ಸದ್ದು. ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಟಣ್ ಅಂತ ತಗಡಿಗೆ ಏನೋ ಬಡಿದ ಹಾಗಾಯಿತು. ಕಿಟಕಿಯಿಂದ ಇಣುಕಿದರೆ ನಮ್ಮ ಬೀದಿಯವರೇ ಮೂವರು ಹುಡುಗರು, ಹದಿನಾಲ್ಕೋ ಹದಿನೈದೋ ವಯಸ್ಸು, ಪಾರ್ಕಿನ ಬೇಲಿ ಮೇಲೆ ಡಬ್ಬ ಇಟ್ಟು ಗುರಿ ಹಿಡಿಯುತ್ತಿದ್ದರು. ಒಬ್ಬನ ಕೈಯಲ್ಲಿ ಕಪ್ಪು ಪಿಸ್ತೂಲು. ಡಬ್ಬದ ಹಿಂದೆ ಇದ್ದದ್ದು ಜನ ಓಡಾಡುವ ದಾರಿ.

ನಿಜವಾದದ್ದಾ, ಸುಳ್ಳಾ? ಅಷ್ಟು ದೂರದಿಂದ ನನಗೆ ಗೊತ್ತಾಗಲಿಲ್ಲ. ನಾಚಿಕೆ ಏನಿಲ್ಲ, ಹತ್ತಿರದಿಂದ ನೋಡಿದರೂ ಎಷ್ಟೋ ಸಲ ಗೊತ್ತಾಗಲ್ಲ, ಗಾಳಿ ಇಲ್ಲವೇ ಗ್ಯಾಸಿನ ಒತ್ತಡದಿಂದ ಗುಂಡು ಹಾರಿಸುವ ಈ ಏರ್ ಪಿಸ್ತೂಲುಗಳಲ್ಲಿ ಎಷ್ಟೋ ಮಾಡೆಲ್‌ಗಳು ಅಸಲಿಯ ಅಚ್ಚಿನಲ್ಲೇ ಬರುತ್ತವೆ. ಕೈ ಫೋನಿಗೆ ಹೋಯಿತು. ಪೊಲೀಸರಿಗೆ ಹೇಳಿಬಿಡೋಣ ಅಂತ.

ಆಗ ನೆನಪಾಗಿದ್ದು ತಮೀರ್ ರೈಸ್. 2014ರ ನವೆಂಬರ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಒಂದು ಪಾರ್ಕಿನಲ್ಲಿ ಆಟದ ಏರ್‌ಸಾಫ್ಟ್ ಪಿಸ್ತೂಲು ಹಿಡಿದು ಓಡಾಡುತ್ತಿದ್ದ 12 ವರ್ಷದ ಹುಡುಗ. ಇದು ಅಸಲಿಯಲ್ಲ ಅಂತ ತೋರಿಸೋಕೆ ಅದರ ತುದಿಯಲ್ಲಿ ಇರಬೇಕಾದ ಕಿತ್ತಳೆ ಗುರುತು ಇರಲಿಲ್ಲ. ನೋಡಿದವರೊಬ್ಬರು ಫೋನ್ ಮಾಡಿ, ಬಹುಶಃ ನಕಲಿ ಇರಬಹುದು, ಬಹುಶಃ ಚಿಕ್ಕ ಹುಡುಗ ಅಂತಲೇ ಹೇಳಿದ್ದರು. ಆ ಮಾತು ಸ್ಥಳಕ್ಕೆ ಹೋದ ಪೊಲೀಸರಿಗೆ ತಲುಪಲಿಲ್ಲ. ಕಾರು ಬಂದು ನಿಂತ ಎರಡೇ ಸೆಕೆಂಡಿನಲ್ಲಿ ಗುಂಡು ಹಾರಿತು. ಮಾರನೇ ದಿನ ಹುಡುಗ ತೀರಿಕೊಂಡ.

ಹಾಗಂತ ಫೋನ್ ಮಾಡಲೇಬಾರದು ಅಂತಲ್ಲ. ಯಾರಿಗಾದರೂ ಗುರಿ ಇಟ್ಟರೆ, ಗುರುತಿಲ್ಲದವರಾದರೆ, ನಾನು ಬಾಗಿಲು ಹಾಕಿಕೊಂಡು ಫೋನೇ ಮಾಡುತ್ತೇನೆ. ಆದರೆ "ಯಾರೋ ಗನ್ ಹಿಡಿದಿದ್ದಾರೆ" ಅಂತ ಒಂದೇ ಮಾತು ಹೇಳಿ ಇಡಲ್ಲ. ಹುಡುಗರು, ಡಬ್ಬಕ್ಕೆ ಹೊಡೆಯುತ್ತಿದ್ದಾರೆ, ಏರ್‌ಗನ್ ಥರ ಕಾಣುತ್ತೆ ಅಂತ ಬಿಡಿಸಿ ಹೇಳುತ್ತೇನೆ, ಅದನ್ನು ಇನ್ನೊಂದು ಸಲವೂ ಹೇಳುತ್ತೇನೆ.

ಇವರು ಗೊತ್ತಿದ್ದ ಹುಡುಗರು. ಕೆಳಗೆ ಇಳಿದೆ. ಮೇಲಿಂದ ಕೂಗಲಿಲ್ಲ, ಕೂಗಿದರೆ ಮೂವರೂ ಸದ್ದು ಬಂದ ಕಡೆ ತಿರುಗುತ್ತಾರೆ, ಪಿಸ್ತೂಲಿನ ಸಮೇತ. ಡಬ್ಬದ ಕಡೆಯಿಂದಲೂ ಹೋಗದೆ ಪಕ್ಕದಿಂದ ಹೋಗಿ, "ಏನ್ರೋ, ಗುರಿ ಹೇಗಿದೆ?" ಅಂದೆ. ಕಿತ್ತುಕೊಳ್ಳೋಕೆ ಕೈ ತುರಿಸುತ್ತಿತ್ತು, ಸುಳ್ಳು ಹೇಳಲ್ಲ. ಆದರೆ ಟ್ರಿಗರ್ ಮೇಲೆ ಬೆರಳಿದ್ದವನ ಹತ್ತಿರ ಎಳೆದಾಟ ಯಾಕೆ ಬೇಕು?

"ಖಾಲಿ ಇದೆ ಅಂಕಲ್" ಅಂತ ಪಿಸ್ತೂಲು ಹಿಡಿದಿದ್ದವನು ಗುಂಡು ತುಂಬುವ ಮ್ಯಾಗಜೀನ್ ತೆಗೆದು ತೋರಿಸಿದ. ಗುಂಡನ್ನು ತಳ್ಳುವ ಗ್ಯಾಸಿನ ಸಿಲಿಂಡರ್ ಮಾತ್ರ ಪಿಸ್ತೂಲಿನ ಹಿಡಿಯೊಳಗೇ ಇತ್ತು, ಬೆರಳಿನಷ್ಟು ಉದ್ದದ್ದು. "ಸರಿ, ಹಾಗಾದ್ರೆ ಆ ಹೂವಿನ ಪಾತಿಯ ಮಣ್ಣಿಗೆ ಒಂದ್ಸಲ ಒತ್ತು" ಅಂದೆ. ಒತ್ತಿದ. ಟಪ್. ಮಣ್ಣು ಚಿಮ್ಮಿತು. ಸಣ್ಣ ತೂತು, ಸುತ್ತ ಒದ್ದೆ ಮಣ್ಣಿನ ಚೂರು. ಒಂದು ಗುಂಡು ನಳಿಕೆಯ ಹತ್ತಿರ ಉಳಿದುಕೊಂಡಿತ್ತು. ಮೂವರೂ ಮಾತಾಡಲಿಲ್ಲ. ಅರ್ಧ ನಿಮಿಷದ ಹಿಂದೆ ಅದೇ ಪಿಸ್ತೂಲನ್ನು ಅವನು ಮಾತಾಡುತ್ತಾ ಗೆಳೆಯನ ಹೊಟ್ಟೆಯ ಕಡೆ ಆಡಿಸುತ್ತಿದ್ದ.

ಅಷ್ಟಾದ ಮೇಲೆ ಭಾಷಣ ಬೇಕಾಗಲಿಲ್ಲ. ಬೇಲಿಯಿಂದ ಡಬ್ಬ ತಂದು ಕೈಗೆ ಕೊಟ್ಟೆ. ಗುಂಡು ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೋಗಿತ್ತು. 4.5 ಮಿಲಿಮೀಟರ್‌ನ ಉಕ್ಕಿನ ಗುಂಡು ಅದು, ಸೀಸದ ಪೆಲೆಟ್ ಹಾಗೆ ಚಪ್ಪಟೆಯಾಗಲ್ಲ, ಗಟ್ಟಿ ಗೋಡೆಗೆ ಬಡಿದರೆ ಹೊಡೆದವನ ಕಡೆಗೇ ವಾಪಸ್ ಬರಬಹುದು. ಚರ್ಮ ಹರಿಯೋಕೆ ಬೇಕಾದ ವೇಗಕ್ಕಿಂತ ಕಡಿಮೆ ವೇಗಕ್ಕೇ ಕಣ್ಣು ಹೋಗುತ್ತೆ. ಯಾರ ಕಣ್ಣಿಗೂ ಕನ್ನಡಕ ಇರಲಿಲ್ಲ. ಒಬ್ಬ ಕೇಳಿದ, ಕಣ್ಣಿಗೆ ಬಿದ್ದರೆ ತೊಳೆದರೆ ಆಯ್ತಲ್ವಾ ಅಂತ. ಆಗಲ್ಲ ಕಣೋ. ತೊಳೆಯಬಾರದು, ಉಜ್ಜಬಾರದು, ಒತ್ತಬಾರದು, ಕಣ್ಣಿಗೆ ತಾಗದ ಹಾಗೆ ಮೇಲೆ ಒಂದು ಕಪ್ ಮುಚ್ಚಿ ನೇರ ಆಸ್ಪತ್ರೆಗೆ ಹೋಗಬೇಕು. ಉಕ್ಕಿನ ಗುಂಡು ಮೈಯೊಳಗೆ ಉಳಿದರೆ ಎಂಆರ್‌ಐ ಮಾಡುವವರಿಗೂ ಮೊದಲೇ ಹೇಳಬೇಕು, ಆ ಯಂತ್ರ ಪೂರಾ ಅಯಸ್ಕಾಂತ.

ಕಷ್ಟ ಆಗಿದ್ದು ಹುಡುಗರ ಜೊತೆ ಅಲ್ಲ, ಪಿಸ್ತೂಲು ಹಿಡಿದಿದ್ದವನ ಅಪ್ಪನ ಜೊತೆ. ತಂದುಕೊಟ್ಟವರೇ ಅವರು. "ಬರೀ ಗಾಳಿ ಸಾರ್, ಮಕ್ಕಳು ಮೊಬೈಲ್ ಬಿಟ್ಟು ಹೊರಗೆ ಆಡ್ತಿದ್ದಾರಲ್ಲ, ಅದು ನೋಡಿ" ಅಂದರು. ನಿಮ್ಮ ಮಗ ಕೆಟ್ಟವನು ಅಂತ ನಾನು ಹೇಳಲಿಲ್ಲ, ಹಾಗನ್ನಿಸಲೂ ಇಲ್ಲ. ಡಬ್ಬವನ್ನು ಅವರ ಮೇಜಿನ ಮೇಲೆ ಇಟ್ಟು, ಮಣ್ಣಿನ ವಿಷಯ ಅವನೇ ಹೇಳಲಿ ಅಂತ ಸುಮ್ಮನಾದೆ. ಹೇಳಿದ, ಪಾಪ, ತಲೆ ತಗ್ಗಿಸಿಕೊಂಡು. ಪಿಸ್ತೂಲು ಬೀರುವಿಗೆ ಹೋಯಿತು, ಗುಂಡು ಬೇರೆ ಕಡೆ. ಅಪ್ಪ ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಇರಲಿ.

ಹುಡುಗ ಮಾತ್ರ ಮೊನ್ನೆ ದಾರಿಯಲ್ಲಿ ಹಿಡಿದುಕೊಂಡ. ಒಲಿಂಪಿಕ್ಸ್‌ನಲ್ಲಿ ಇದನ್ನೇ ಆಡುತ್ತಾರಲ್ವಾ ಅಂತ. ಇದೇ ಅಲ್ಲ, ಇದರ ಥರದ್ದು, 10 ಮೀಟರ್ ಏರ್ ರೈಫಲ್, 1984ರಿಂದ ಇದೆ, ಗುರಿಯ ನಡುವಿನ ಚುಕ್ಕಿ ಅರ್ಧ ಮಿಲಿಮೀಟರ್ ಅಂದೆ. ಬಾಯಿ ಬಿಟ್ಟ. ಅಲ್ಲಿ "ಖಾಲಿ ಇದೆ" ಅಂದರೆ ಯಾರೂ ನಂಬಲ್ಲ ಕಣೋ, ಗನ್ ಖಾಲಿ ಅಂತ ಎಲ್ಲರಿಗೂ ಕಾಣೋ ಹಾಗೆ ನಳಿಕೆಯಲ್ಲಿ ಈ ತುದಿಯಿಂದ ಆ ತುದಿಗೆ ಬಣ್ಣದ ದಾರ ತೂರಿಸಿಡಬೇಕು ಅಂತಲೂ ಹೇಳಿದೆ.

"ದಾರನಾ?" ಅಂದ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಯಾವ ಬಣ್ಣ ಅಂಕಲ್?"